ಇಲ್ಲದ ಇಸ್ಪೀಟ್

ಬ್ರಿಜ್ ಆಟ. ಎದುರಿಗೆ ಕೂತ ಜೊತೆಗಾರರು ಬಿಡ್ ಚೀಟಿಗಳ ಡಬ್ಬಿಯಿಂದ '2 ಇಸ್ಪೀಟ್' (ಇಲ್ಲಿ ಇಸ್ಪೀಟ್ ಅಂದರೆ ಸ್ಪೇಡ್ ಎಲೆ) ಅಂತ ಬರೆದ ಚೀಟಿ ತೆಗೆದು ಟೇಬಲ್ ಮೇಲಿಟ್ಟರು. ನಾನು ಅದನ್ನೇ ನೋಡುತ್ತಾ ಕೂತೆ. ಅವರ ಹತ್ತಿರ ಹಾಗೆ ಅನ್ನುವಷ್ಟು ಇಸ್ಪೀಟ್ ಇರಲು ಸಾಧ್ಯವೇ ಇರಲಿಲ್ಲ. ಹಾಗಂತ ಸ್ವಲ್ಪ ಹೊತ್ತಿನ ಮುಂಚೆ ಅವರೇ ಹೇಳಿದ್ದರು!

ಧಾರವಾಡದ ಸಾಧನಕೇರಿ ಕಡೆಯ ಒಂದು ಮನೆ ಅದು. ಪಡಸಾಲೆಯಲ್ಲಿ ಮೂರು ಟೇಬಲ್, ಹನ್ನೆರಡು ಜನ, ಒಳಗಿನಿಂದ ಗಿರಮಿಟ್ ಕಲಸುವ ಸದ್ದು. ತಿಂಗಳಿಗೆ ಎರಡು ಭಾನುವಾರ ನಾವು ಬ್ರಿಜ್ ಆಡಲು ಸೇರುತ್ತೇವೆ. ನಾನು ಹುಬ್ಬಳ್ಳಿಯ ಉಣಕಲ್‌ನಿಂದ ಹೋಗುತ್ತೇನೆ. ಜೊತೆಗಾರರು ನವನಗರದವರು, ರೈಲ್ವೆಯಿಂದ ನಿವೃತ್ತರಾದವರು. 'ಇಸ್ಪೀಟ್ ಆಡಾಕ ಧಾರವಾಡತನಕ ಹೋಗ್ತೀಯಾ?' ಅಂತ ಮನೆಯಲ್ಲಿ ಮೊದಲು ಬೈಯುತ್ತಿದ್ದರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಬ್ರಿಜ್ ಜೋಡಿಗಳ ಆಟದಲ್ಲಿ ಚಿನ್ನ ಗೆದ್ದರಲ್ಲ, ಬರ್ಧನ್ ಅವರಿಗೆ ಆಗ 60 ವರ್ಷ. ಆ ಸುದ್ದಿ ಪೇಪರ್‌ನಲ್ಲಿ ಬಂದ ಮೇಲೆ ಬೈಗುಳ ಸ್ವಲ್ಪ ಕಡಿಮೆಯಾಯಿತು. ನಿಂತಿಲ್ಲ.

ಆಟದ ವಿಷಯಕ್ಕೆ ಬರುತ್ತೇನೆ. ನನ್ನ ಕೈಯಲ್ಲಿದ್ದ ಎಲೆಗಳು ಇವು: ಇಸ್ಪೀಟ್ 6 ಒಂದೇ. ಹಾರ್ಟ್ ಎಕ್ಕ, ರಾಜ, 8, 7, 4. ಡೈಮಂಡ್ ಎಕ್ಕ, ರಾಣಿ, 9, 5, 2. ಕ್ಲಬ್ 7, 3. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅಂತ ಎಣಿಸಿದರೆ 13 ಪಾಯಿಂಟ್. ಎಲೆ ಆಡುವ ಮುಂಚೆ ಹರಾಜಿನ ಹಾಗೆ ಬಿಡ್ ಮಾಡಬೇಕು, ಕೈಯಲ್ಲಿ ಏನಿದೆ ಅಂತ ಜೊತೆಗಾರರಿಗೆ ತಿಳಿಸುವುದೂ ಅದರಿಂದಲೇ. ಬಿಡ್‌ನ ಸಂಖ್ಯೆಗೆ 6 ಕೂಡಿಸಿದರೆ ಗೆಲ್ಲಬೇಕಾದ ಟ್ರಿಕ್ (ಸುತ್ತು), ಜೊತೆಗಿನ ಹೆಸರು ತುರುಫು, ಅಂದರೆ ಬೇರೆ ಎಲೆಗಳನ್ನು ಹೊಡೆಯುವ ಜಾತಿ. ನೋ ಟ್ರಂಪ್ ಅಂದರೆ ತುರುಫು ಇಲ್ಲ. ನಾನು 1 ಹಾರ್ಟ್ ಅಂದೆ. ಅವರು 1 ನೋ ಟ್ರಂಪ್ ಅಂದರು. ನಾನು 2 ಡೈಮಂಡ್. ಅವರು 2 ಇಸ್ಪೀಟ್. ಎದುರಾಳಿಗಳು ಉದ್ದಕ್ಕೂ ಪಾಸ್.

ಇದರಲ್ಲಿ ವಿಚಿತ್ರ ಏನು? ನಾಲ್ಕು ಇಸ್ಪೀಟ್ ಇದ್ದವರು 1 ಹಾರ್ಟ್‌ಗೆ ಉತ್ತರವಾಗಿ 1 ಇಸ್ಪೀಟ್ ಅನ್ನುತ್ತಾರೆ. ಅದನ್ನು ಬಿಟ್ಟು 1 ನೋ ಟ್ರಂಪ್ ಅಂದರೆ ಇಸ್ಪೀಟ್ ಮೂರು ಅಥವಾ ಅದಕ್ಕಿಂತ ಕಡಿಮೆ ಅಂತಲೇ ಅರ್ಥ. ಈಗ ಅದೇ ಮನುಷ್ಯ ಇಸ್ಪೀಟ್ ಅನ್ನುತ್ತಿದ್ದಾರೆ. ಮರೆತರಾ? ಚೀಟಿ ತಪ್ಪಿ ಬಂತಾ?

ಮೂರು ವರ್ಷದ ಹಿಂದಾಗಿದ್ದರೆ ನಾನು ಸುಮ್ನೆ ಪಾಸ್ ಅಂದಿರುತ್ತಿದ್ದೆ. ಅಂದದ್ದೂ ಇದೆ. ಆಗ ನಾನು 1 ನೋ ಟ್ರಂಪ್‌ನಿಂದ ಶುರು ಮಾಡಿದ್ದೆ. ಅವರು 2 ಕ್ಲಬ್ ಅಂತ ಕೇಳಿದರು, ಅಂದರೆ ಇಸ್ಪೀಟ್ ಅಥವಾ ಹಾರ್ಟ್ ನಾಲ್ಕಿವೆಯಾ ಅನ್ನುವ ಪ್ರಶ್ನೆ. ನಾನು 2 ಇಸ್ಪೀಟ್ ಅಂದೆ. ಅವರು 3 ಹಾರ್ಟ್ ಅಂದರು. ಪಾಪ, ಅವರಿಗೆ ಹಾರ್ಟ್ ಇದೆ, ನನ್ನ ಹತ್ತಿರ ಇರೋದು ಬರೀ 15 ಪಾಯಿಂಟ್ ಅಂತ ಪಾಸ್ ಮಾಡಿದೆ. ಇಬ್ಬರ ಕೈ ಸೇರಿ ಐದೇ ಹಾರ್ಟ್! ಐದು ಹಾರ್ಟ್ ಅವರೊಬ್ಬರಲ್ಲೇ ಇದ್ದಿದ್ದರೆ ಮೊದಲೇ 2 ಡೈಮಂಡ್ ಅಂದು ತೋರಿಸುತ್ತಿದ್ದರು, ನಾವು ಟ್ರಾನ್ಸ್‌ಫರ್ (ಒಂದು ಜಾತಿಯ ಹೆಸರು ಹೇಳಿ ಅದರ ಮೇಲಿನ ಜಾತಿಯನ್ನು ತೋರಿಸುವ ಪದ್ಧತಿ) ಆಡುವವರು. ಅವರ 3 ಹಾರ್ಟ್‌ನ ಅರ್ಥ ನನ್ನ ಇಸ್ಪೀಟ್ ಅವರಿಗೆ ಬಹಳ ಇಷ್ಟವಾಯಿತು, ಸ್ಲಾಮ್ (ಹನ್ನೆರಡು ಅಥವಾ ಹದಿಮೂರು ಟ್ರಿಕ್‌ನ ಬಿಡ್) ನೋಡೋಣವಾ ಅಂತ. ಅವತ್ತು ಅವರು ಬೈಯಲಿಲ್ಲ. ಬಸ್ಸಿನಲ್ಲಿ ಒಂದೇ ಮಾತು ಹೇಳಿದರು: 'ನಾ ಏನ್ ಅಂದೆ ಅನ್ನೂದನ್ನ ಆಮ್ಯಾಲೆ ನೋಡ್ರಿ. ಏನ್ ಅನ್ನಲಿಲ್ಲ, ಅದನ್ನ ಮೊದಲ ನೋಡ್ರಿ.'

ಹಾಗಾಗಿ ಈ ಸಲ ಅವರು ಅನ್ನದೇ ಇದ್ದದ್ದನ್ನು ಎಣಿಸತೊಡಗಿದೆ. ಅಷ್ಟರಲ್ಲಿ ಬಲಗಡೆ ಕೂತವರು '2 ಇಸ್ಪೀಟ್ ಅಂದ್ರ ಏನ್ರಿ?' ಅಂತ ನನ್ನನ್ನು ಕೇಳಿದರು. ಕೇಳುವ ಹಕ್ಕು ಅವರಿಗಿದೆ. ಹೊಸಬರು ಎಡವೋದು ಇಲ್ಲೇ. ನನ್ನ ಊಹೆಯನ್ನು ಒಪ್ಪಂದ ಅನ್ನುವಂತೆ ಹೇಳಬಾರದು. 'ಇದರ ಬಗ್ಗೆ ನಾವು ಮಾತಾಡಿಕೊಂಡಿಲ್ಲ. ಆದರೆ 1 ನೋ ಟ್ರಂಪ್ ಅಂದಾಗ ಅವರಿಗೆ ನಾಲ್ಕು ಇಸ್ಪೀಟ್ ಇರೋದಿಲ್ಲ' ಅಂದೆ. ಅದು ಸತ್ಯ, ಅಷ್ಟೇ ಹೇಳಬೇಕಾದದ್ದು. ಜೊತೆಗಾರರ ಮುಖದ ಕಡೆ ನೋಡಲೂ ಇಲ್ಲ. ಅವರು ತಡವರಿಸಿದರಾ, ಚೀಟಿಯನ್ನು ಕುಕ್ಕಿ ಇಟ್ಟರಾ ಅನ್ನೋದರಿಂದ ಅರ್ಥ ಹುಡುಕಿದರೆ ಅದು ಆಟದ ನಿಯಮಕ್ಕೇ ವಿರುದ್ಧ.

ಸರಿ, ಎಣಿಕೆ. ಕೈ ಬಡವಾಗಿದ್ದು ಡೈಮಂಡ್ ಪರವಾಗಿಲ್ಲ ಅನ್ನಿಸಿದ್ದರೆ ಪಾಸ್ ಮಾಡುತ್ತಿದ್ದರು. ಎರಡು ಹಾರ್ಟ್ ಇಟ್ಟುಕೊಂಡು ಅಲ್ಲಿಗೆ ಹೋಗೋಣ ಅಂದಿದ್ದರೆ 2 ಹಾರ್ಟ್. ಮೂರು ಹಾರ್ಟ್, ಜೊತೆಗೆ 11 ಪಾಯಿಂಟ್ ಇದ್ದಿದ್ದರೆ 3 ಹಾರ್ಟ್. ಉದ್ದನೆಯ ಕ್ಲಬ್ ಇದ್ದಿದ್ದರೆ 3 ಕ್ಲಬ್. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಇದ್ದಿದ್ದರೆ 2 ನೋ ಟ್ರಂಪ್. ಡೈಮಂಡ್ ಇದೆ, ಕೈ ಸಾಧಾರಣ ಅಂದಿದ್ದರೆ 3 ಡೈಮಂಡ್. ಇದ್ಯಾವುದೂ ಬೇಡ ಅಂದಿದ್ದಾರೆ. ಉಳಿದದ್ದು ಒಂದೇ ಥರದ ಕೈ: ಡೈಮಂಡ್ ಚೆನ್ನಾಗಿದೆ, 3 ಡೈಮಂಡ್ ಅನ್ನಲು ಮನಸ್ಸು ಒಪ್ಪದಷ್ಟು ಚೆನ್ನಾಗಿದೆ.

'ಹಾಗಿದ್ದರೆ 1 ಹಾರ್ಟ್ ಮೇಲೆ ನೇರವಾಗಿ 2 ಡೈಮಂಡ್ ಅನ್ನಬಹುದಿತ್ತಲ್ವಾ?' ಅಂತ ನೀವು ಕೇಳಬಹುದು. ನಾವು ಆಡುವ ಪದ್ಧತಿಯಲ್ಲಿ ಹಾಗೆ ಅಂದರೆ ಗೇಮ್ (ದೊಡ್ಡ ಬೋನಸ್ ಸಿಗುವ ಮಟ್ಟದ ಬಿಡ್) ಮುಟ್ಟುವ ತನಕ ಇಬ್ಬರೂ ನಿಲ್ಲುವಂತಿಲ್ಲ. 11 ಪಾಯಿಂಟ್‌ಗೆ ಅಷ್ಟು ಧೈರ್ಯ ಸಾಲದು. ಅದಕ್ಕೇ ಅಂಥ ಕೈಗಳೆಲ್ಲ 1 ನೋ ಟ್ರಂಪ್ ಬಾಗಿಲಿನಿಂದಲೇ ಒಳಗೆ ಬರಬೇಕು.

ಇನ್ನೊಂದು ಎಳೆ ಹಿಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ನಮ್ಮಲ್ಲಿ 1 ನೋ ಟ್ರಂಪ್‌ಗೆ ನಾನು ಪಾಸ್ ಮಾಡುವಂತಿಲ್ಲ. ಹಾಗಾಗಿ ಎಷ್ಟೋ ಸಲ ಮೂರೇ ಡೈಮಂಡ್ ಇಟ್ಟುಕೊಂಡು 2 ಡೈಮಂಡ್ ಅನ್ನಬೇಕಾಗುತ್ತದೆ. ಅದು ಅವರಿಗೂ ಗೊತ್ತು. ಗೊತ್ತಿದ್ದೂ ಡೈಮಂಡ್ ಮೇಲೆ ಇಷ್ಟು ಭರವಸೆ ಇಟ್ಟಿದ್ದಾರೆ ಅಂದರೆ ಅವರಲ್ಲಿ ಐದಾದರೂ ಇರಬೇಕು. ನನ್ನಲ್ಲೂ ಐದು. 13ರಲ್ಲಿ 10 ಎಲೆ ನಮ್ಮವೇ!

ಈಗ ಎಲ್ಲಿಗೆ ಹೋಗೋದು? 3 ನೋ ಟ್ರಂಪ್‌ಗೆ ಒಂಬತ್ತು ಟ್ರಿಕ್ ಸಾಕು, ಆಸೆ ಹುಟ್ಟಿಸುತ್ತದೆ. ಆದರೆ ನನ್ನಲ್ಲಿ ಇಸ್ಪೀಟ್ ಒಂದೇ, ಅವರಲ್ಲಿ ಹೆಚ್ಚೆಂದರೆ ಮೂರು. ಎದುರಾಳಿಗಳ ಹತ್ತಿರ ಕಡಿಮೆ ಅಂದರೂ ಒಂಬತ್ತು. ಮೊದಲ ಎಲೆಯೇ ಇಸ್ಪೀಟ್ ಬೀಳುತ್ತದೆ. ನಾನು 5 ಡೈಮಂಡ್ ಚೀಟಿ ಇಟ್ಟೆ. ಹನ್ನೊಂದು ಟ್ರಿಕ್ ಬೇಕು.

ಎಡಗಡೆಯಿಂದ ಇಸ್ಪೀಟ್ ರಾಜ ಬಂತು. ಜೊತೆಗಾರರು ಕೈ ಬಿಚ್ಚಿ ಹರಡಿದರು. ಇಸ್ಪೀಟ್ ಎಕ್ಕ, 7, 3. ಹಾರ್ಟ್ 6, 2. ಡೈಮಂಡ್ ರಾಜ, ಗುಲಾಮ, 8, 4, 3. ಕ್ಲಬ್ ರಾಜ, 9, 5. ಇಸ್ಪೀಟ್ ಮೂರೇ. ಡೈಮಂಡ್ ಐದು. 11 ಪಾಯಿಂಟ್.

ಆಡಿದ್ದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಇಸ್ಪೀಟ್ ಎಕ್ಕದಿಂದ ಗೆದ್ದೆ, ಎರಡು ಸುತ್ತಿನಲ್ಲಿ ಅವರ ತುರುಫು ಖಾಲಿ ಮಾಡಿದೆ, ಹಾರ್ಟ್ ಎಕ್ಕ ರಾಜ ಎಳೆದೆ. ಆಮೇಲೆ ಹಾರ್ಟ್‌ಗೆ ಅಲ್ಲಿ ತುರುಫು, ಇಸ್ಪೀಟ್‌ಗೆ ಇಲ್ಲಿ ತುರುಫು, ಎರಡೆರಡು ಸಲ. ಐದನೇ ಹಾರ್ಟ್ ಗಟ್ಟಿಯಾಯಿತು. ಕೊನೆಗೆ ಕ್ಲಬ್ ರಾಜನ ಕಡೆಗೆ ಸಣ್ಣ ಎಲೆ ಹಾಕಿದೆ. ಕ್ಲಬ್ ಎಕ್ಕ ಎಡಗಡೆಯೇ ಇತ್ತು. ಹನ್ನೆರಡು ಟ್ರಿಕ್, 420 ಅಂಕ.

ಮೂರೂ ಟೇಬಲ್‌ಗೆ ಹೋದದ್ದು ಇದೇ ಎಲೆಗಳು. ಒಂದು ಟೇಬಲ್ 3 ಡೈಮಂಡ್‌ನಲ್ಲೇ ನಿಂತು 170 ತೆಗೆದುಕೊಂಡಿತ್ತು. ಇನ್ನೊಂದು 3 ನೋ ಟ್ರಂಪ್ ಆಡಿ, ಇಸ್ಪೀಟ್ ಏಟು ತಿಂದು ಒಂದು ಟ್ರಿಕ್ ಸೋತಿತ್ತು. 'ಹನ್ನೆರಡು ಆತಲ್ಲ, 6 ಡೈಮಂಡ್ ಯಾಕ ಅನ್ನಲಿಲ್ಲ?' ಅಂತ ಒಬ್ಬರು ಕೆಣಕಿದರು. ಕ್ಲಬ್ ಎಕ್ಕ ಬಲಗಡೆ ಇದ್ದಿದ್ದರೆ ಹನ್ನೊಂದೇ. ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ನನಗೆ 5 ಸಾಕಿತ್ತು.

ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬ ಹಿಡಿದು ನಿಂತೇ ಮಾತಾಡಿದೆವು. ಆ 2 ಇಸ್ಪೀಟ್ ಅವರು ಎಲ್ಲೂ ಓದಿಕೊಂಡಿದ್ದಲ್ಲವಂತೆ, ಚೀಟಿಗೆ ಕೈ ಹಾಕಿದಾಗ ಹೊಳೆದದ್ದಂತೆ. ಆ ಬಿಡ್‌ಗೆ ಬ್ರಿಜ್ ಲೋಕದಲ್ಲಿ ಆಗಲೇ ಹೆಸರಿದೆ, ಅಸಾಧ್ಯ ಇಸ್ಪೀಟ್ ಅಂತಲೇ ಕರೆಯುತ್ತಾರೆ ಅಂತ ನಮಗೆ ಆಮೇಲೆ ತಿಳಿಯಿತು. 'ನೀವು ಪಾಸ್ ಅಂತೀರಿ ಅಂತ ಎದಿ ಡವಡವ ಅಂತಿತ್ತು' ಅಂದರು. ನನ್ನ ಬ್ಯಾಗಿನಲ್ಲಿದ್ದ ನೋಟ್‌ಬುಕ್ ತೆಗೆದು ಬರೆದುಕೊಂಡೆ. ಇನ್ನು ಮುಂದೆ ಇದು ನಮ್ಮ ಒಪ್ಪಂದ, ಯಾರಾದರೂ ಕೇಳಿದರೆ ಪೂರ್ತಿ ಹೇಳಲೇಬೇಕು.

ಸತ್ತೂರು ದಾಟುವಾಗ ಅವರು ಹುಬ್ಬು ಗಂಟಿಕ್ಕಿದರು. 'ನೀವು 2 ಡೈಮಂಡ್ ಬದಲಿ 2 ಕ್ಲಬ್ ಅಂದಿದ್ರ?' ಅಂತ ಕೇಳಿದರು. ಉತ್ತರ ಹೊಳೆಯುವಷ್ಟರಲ್ಲಿ ನವನಗರ ಬಂತು, ಇಳಿದು ಹೋದರು. ರಾತ್ರಿ ಊಟ ಆದ ಮೇಲೆ ಫೋನ್ ಮಾಡಿದೆ. ಅದೂ ಹಾಗೇ ಇರಲಿ, ಆದರೆ ನಿಮ್ಮಲ್ಲಿ ಕ್ಲಬ್ ಐದು ಇರಲೇಬೇಕು, ನನ್ನ ಕ್ಲಬ್‌ನ ಮೇಲೆ ಡೈಮಂಡ್‌ನಷ್ಟು ನಂಬಿಕೆ ಬೇಡ ಅಂದೆ. 'ಬರಕೋರಿ' ಅಂದರು.