ಹಿನ್ನೀರಿನ ದಡದಲ್ಲಿ ಟೆಂಟ್ ಹಾಕೋ ಮುಂಚೆ ನೆಲ ನೋಡಿ

ಕೆಆರ್‌ಎಸ್ ಹಿನ್ನೀರಿನ ಕಡೆ, ಇಲ್ಲಾ ತೊಣ್ಣೂರು ಕೆರೆ ಹತ್ತಿರ ಟೆಂಟ್ ಹಾಕುವ ಯೋಚನೆ ಇದ್ದರೆ ಒಂದು ಮಾತು. ಫೋಟೋದಲ್ಲಿ ನೀರು ಹತ್ತಿರ ಇದೆ ಅಂತ ಸುಮ್ನೆ ಜಾಗ ಒಪ್ಪಿಕೊಳ್ಳಬೇಡಿ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಸಿರು ಹುಲ್ಲು ಚಾಪೆ ಹಾಸಿದಂತೆ ಕಾಣುತ್ತದೆ. ಅದು ದಡ ಅಲ್ಲ, ನೀರಿನದೇ ಜಾಗ. ಮಳೆಗಾಲದಲ್ಲಿ ಕೊಡಗಿನಲ್ಲಿ ಮಳೆ ಹಿಡಿದರೆ ಸಾಕು, ಮೈಸೂರಲ್ಲಿ ಬಿಸಿಲಿದ್ದರೂ ಇಲ್ಲಿ ನೀರು ಏರುತ್ತದೆ. ಒಣಗಿದ ಕಡ್ಡಿ, ಬಾಟಲಿ, ಚಿಪ್ಪು ಸಾಲಾಗಿ ಬಿದ್ದಿರುವ ಗೆರೆ ಹುಡುಕಿ. ಅಲ್ಲಿವರೆಗೆ ನೀರು ಬಂದಿತ್ತು ಅಂತ ಅರ್ಥ. ಟೆಂಟ್ ಅದಕ್ಕಿಂತ ಚೆನ್ನಾಗಿ ಮೇಲಿರಲಿ.

ಕ್ಯಾರವಾನ್, ಟೆಂಪೋ ಟ್ರಾವೆಲರ್ ಇದ್ದರೆ ಇನ್ನೂ ಹುಷಾರು. ನಮ್ಮ ಗಾಡಿಯ ಹಿಂದಿನ ಚಕ್ರ ಸಂಜೆ ಗಟ್ಟಿ ನೆಲದ ಮೇಲೇ ಇತ್ತು, ಬೆಳಿಗ್ಗೆ ನೋಡಿದರೆ ಅರ್ಧ ಹೂತಿತ್ತು! ಮೇಲೆ ಒಣಗಿದ ಪದರ, ಕೆಳಗೆ ಬರೀ ಕೆಸರು. ಪಕ್ಕದ ಗದ್ದೆಯವರು ಟ್ರ್ಯಾಕ್ಟರ್ ತಂದು ಎಳೆದರು. ಈಗ ಮೊದಲು ಇಳಿದು ಹಿಮ್ಮಡಿಯಿಂದ ಜೋರಾಗಿ ಒತ್ತಿ ನೋಡುತ್ತೇನೆ. ಗುಳಿ ಬಿದ್ದು ನೀರು ಒಸರಿದರೆ ಗಾಡಿ ರಸ್ತೆಯಲ್ಲೇ.

ದನಗಳು ನೀರಿಗೆ ಇಳಿಯುವ ದಾರಿಯನ್ನೂ ಬಿಡಿ, ಬೆಳಿಗ್ಗೆ ಟೆಂಟಿನ ಹಗ್ಗ ಕಿತ್ತುಕೊಂಡು ಹೋಗುತ್ತವೆ. ಬಾಡಿಗೆ ಜಾಗವಾದರೆ ಟಾಯ್ಲೆಟ್ ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ.

ಶ್ರೀರಂಗಪಟ್ಟಣದ ಕಡೆ ಕಾವೇರಿ ದಡಕ್ಕೆ ಮಾತ್ರ ನಾನು ಒಲ್ಲೆ. ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಮಲಗುವ ಮೊಸಳೆಗಳಿಗೆ ಬೇಲಿ ಎಲ್ಲಿದೆ ಅಂತ ಗೊತ್ತಿಲ್ಲ ಅಲ್ವಾ?