ಆನ್‌ಲೈನ್ ಹರಾಜಿನ ಹಳೆಯ ಕ್ಯಾಮೆರಾ: ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವ ಬಗೆ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ರಾಶಿ ಅಡಿಕೆಯ ಚೀಲದ ಮುಂದೆ ನಿಂತ ವ್ಯಾಪಾರಿ ಚೀಲದ ಮೇಲಿನ ಚೀಟಿ ಓದಿ ದರ ಬರೆಯುವುದಿಲ್ಲ. ಕೈಯನ್ನು ಒಳಗಿಳಿಸಿ, ತಳದ ಅಡಿಕೆಯನ್ನು ಮೇಲಕ್ಕೆ ತಂದು, ಒಂದೆರಡನ್ನು ಕತ್ತರಿಸಿ ಒಳಗಿನ ಬಣ್ಣ ನೋಡಿದ ಮೇಲೆಯೇ ಅವನು ಟೆಂಡರಿಗೆ ಮನಸ್ಸು ಮಾಡುತ್ತಾನೆ. ಅದೇ ಮನುಷ್ಯ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡಿದು ಜರ್ಮನಿಯ ಹಳೆಯ ಲೈಕಾ ಕ್ಯಾಮೆರಾದ ಹರಾಜನ್ನು ನೋಡುವಾಗ ಮಾತ್ರ ನಾಲ್ಕು ಫೋಟೊ ಮತ್ತು ಒಂದು ಪ್ಯಾರಾ ವಿವರಣೆಯನ್ನು ನಂಬಿ ನಲವತ್ತು ಸಾವಿರ ರೂಪಾಯಿ ಕೂಗಿಬಿಡುತ್ತಾನೆ. ಆನ್‌ಲೈನಿನಲ್ಲಿ ಅಡಿಕೆಯನ್ನು ನಾವು ಕತ್ತರಿಸಲಾಗದು ಎಂಬುದು ನಿಜ. ಆದರೆ ಮಾರುವವನ ಕೈಯಿಂದಲೇ ಕತ್ತರಿಸಿ ತೋರಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಈ ಪಾಠಕ್ಕೆ ನಾನು ತೆತ್ತ ಶುಲ್ಕ ನಲವತ್ತಾರು ಸಾವಿರ ರೂಪಾಯಿ. ಕೆಲವು ವರ್ಷಗಳ ಹಿಂದಿನ ಆಷಾಢದಲ್ಲಿ, ತೀರ್ಥಹಳ್ಳಿಯ ಮನೆಯಲ್ಲಿ ಮಳೆ ಹಿಡಿದು ಹೊರಗೆ ಕಾಲಿಡಲಾಗದೆ ಕುಳಿತಿದ್ದ ದಿನಗಳಲ್ಲಿ, ‘1930ರ ದಶಕದ ಲೈಕಾ 2, ಜರ್ಮನ್ ನೌಕಾಪಡೆಯ ಗುರುತಿನದು, ಅತ್ಯಪರೂಪ’ ಎಂಬ ಹರಾಜೊಂದನ್ನು ಗೆದ್ದೆ. ಪಾರ್ಸೆಲ್ ಬಂದ ದಿನ, ಸಾಗರದಲ್ಲಿ ಬಹುಕಾಲ ಸ್ಟುಡಿಯೊ ನಡೆಸಿದ್ದ ನನ್ನ ಸೋದರಮಾವ ಮನೆಯಲ್ಲೇ ಇದ್ದರು. ಅವರು ಮೇಲಿನ ಕೆತ್ತನೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಜಗಲಿಯ ಬೆಳಕಿಗೆ ಬಂದು ಕುಳಿತು, ಲೆನ್ಸನ್ನು ತಿರುಪಿ ಬಿಚ್ಚಿ, ಒಳಗೆ ಒಮ್ಮೆ ಇಣುಕಿ, “ಇದಕ್ಕೆ ಗಾಲಿಯೇ ಇಲ್ಲವಲ್ಲ ಮಾರಾಯ” ಎಂದು ಕ್ಯಾಮೆರಾವನ್ನು ನನ್ನ ಕೈಗೆ ವಾಪಸು ಕೊಟ್ಟರು.

ಆ ಗಾಲಿಯ ವಿಷಯವನ್ನು ಬಿಡಿಸಿ ಹೇಳಬೇಕು. ಲೈಕಾ ಹೆಸರಿನ ಮೋಸಗಳಲ್ಲಿ ತುಂಬಾ ಹಳೆಯದನ್ನು ಹಿಡಿಯುವುದು ಅದೇ. ಲೆನ್ಸ್ ಎಷ್ಟು ದೂರಕ್ಕೆ ಫೋಕಸ್ ಆಗಿದೆ ಎಂಬುದನ್ನು ದೂರಮಾಪಕಕ್ಕೆ ತಿಳಿಸಲು ಕ್ಯಾಮೆರಾದ ಬಾಯಿಯೊಳಗೆ, ಮೇಲ್ಭಾಗದಲ್ಲಿ, ಒಂದು ಸಣ್ಣ ತೋಳು ಇರುತ್ತದೆ. ಅಸಲಿ ಲೈಕಾದಲ್ಲಿ ಆ ತೋಳಿನ ತುದಿಗೆ ಉರುಳುವ ದುಂಡನೆಯ ಪುಟ್ಟ ಗಾಲಿ ಇರುತ್ತದೆ. ಸೋವಿಯತ್ ಒಕ್ಕೂಟದ ಹಾರ್ಕಿವ್‌ನಲ್ಲಿ 1934ರಿಂದ ತಯಾರಾದ ಫೆಡ್ ಕ್ಯಾಮೆರಾ ಮತ್ತು ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನಲ್ಲಿ 1948ರಿಂದ ತಯಾರಾದ ಜೋರ್ಕಿ ಕ್ಯಾಮೆರಾಗಳು 1932ರ ಲೈಕಾ 2 ಮಾದರಿಯ ಪ್ರತಿಗಳಾಗಿದ್ದು, ಅವುಗಳ ಆ ತುದಿಯಲ್ಲಿ ಗಾಲಿಯ ಬದಲು ಬೆಣೆಯಾಕಾರದ ನಾಲಿಗೆಯಂಥ ಲೋಹದ ತುಂಡು ಇರುತ್ತದೆ. ಮೇಲ್ತಟ್ಟೆಯ ರಷ್ಯನ್ ಅಕ್ಷರಗಳನ್ನು ಉಜ್ಜಿ ತೆಗೆದು ‘ಲೈಕಾ’ ಎಂದು ಕೆತ್ತುವುದು, ಹದ್ದಿನ ಮುದ್ರೆಯನ್ನೋ ವಾಯುಪಡೆ, ನೌಕಾಪಡೆಯ ಹೆಸರನ್ನೋ ಹಾಕುವುದು, ಚಿನ್ನದ ಬಣ್ಣ ಬಳಿದು ಬಣ್ಣದ ಚರ್ಮ ಅಂಟಿಸುವುದು ನುರಿತ ಕೆತ್ತನೆಗಾರನಿಗೆ ಒಂದು ಮಧ್ಯಾಹ್ನದ ಕೆಲಸ. ಒಳಗಿನ ತೋಳನ್ನು ಬದಲಿಸುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ, ಏಕೆಂದರೆ ಕೊಳ್ಳುವವನು ಅಲ್ಲಿ ಇಣುಕುವುದಿಲ್ಲ ಎಂಬ ಧೈರ್ಯ ಅವರಿಗಿರುತ್ತದೆ.

ಆದ್ದರಿಂದ ತಿರುಪಿನ ಲೆನ್ಸ್ ಇರುವ ಯಾವ ಲೈಕಾವನ್ನೇ ಆಗಲಿ ಕೂಗುವ ಮುನ್ನ, ಲೆನ್ಸ್ ತೆಗೆದು ಒಳಬಾಯಿಯ ಮೇಲ್ಭಾಗ ಸ್ಪಷ್ಟವಾಗಿ ಕಾಣುವಂತೆ ತೆಗೆದ ಫೋಟೊವನ್ನು ಮಾರುವವನಿಂದ ಕೇಳಿ ಪಡೆಯಬೇಕು. ಲೆನ್ಸಿನ ಮುಂಭಾಗದ ಫೋಟೊವನ್ನೂ ಕೇಳಬೇಕು. ಲೈಕಾದ ಅಸಲಿ ಎಲ್ಮಾರ್ 50 ಮಿ.ಮೀ. ಲೆನ್ಸಿನಲ್ಲಿ ಬೆಳಕಿನ ಪ್ರಮಾಣ ಹೊಂದಿಸುವ ಅಪರ್ಚರಿನ ಎಲೆಗಳು ಮೊದಲನೆಯ ಗಾಜಿನ ಬೆನ್ನಿಗೇ ಇರುತ್ತವೆ. ಅದರಂತೆಯೇ ಕಾಣುವ ಸೋವಿಯತ್ ಇಂಡಸ್ಟಾರ್‌ನಲ್ಲಿ ಎರಡನೆಯ ಗಾಜಿನ ಹಿಂದೆ, ಇನ್ನಷ್ಟು ಆಳದಲ್ಲಿ ಇರುತ್ತವೆ. ಸೇನೆಯ ಗುರುತಿನ ಕ್ಯಾಮೆರಾ ಎಂದರೆ ಮತ್ತೊಂದು ಪ್ರಶ್ನೆ ಏಳಬೇಕು: ಯುದ್ಧಕಾಲದಲ್ಲಿ ಜರ್ಮನ್ ಸೇನೆಗೆ ಹೋದ ಲೈಕಾಗಳಲ್ಲಿ ಹೆಚ್ಚಿನವು 1940ರಲ್ಲಿ ಬಂದ 3ಸಿ ಮಾದರಿಯವು, ಅವುಗಳ ಮುಂಭಾಗದಲ್ಲಿ ಶಟರಿನ ನಿಧಾನ ವೇಗಗಳಿಗಾಗಿ ಪ್ರತ್ಯೇಕವಾದ ಒಂದು ಗುಂಡಿ ಇರುತ್ತದೆ. ಲೈಕಾ 2ಕ್ಕೂ ಅದರ ಸೋವಿಯತ್ ಪ್ರತಿಗಳಿಗೂ ಆ ಗುಂಡಿ ಇಲ್ಲ. ಮುಂಭಾಗ ಬೋಳಾಗಿದ್ದು ಮೇಲೆ ಹದ್ದು ಕುಳಿತಿದ್ದರೆ ನನ್ನ ಮಟ್ಟಿಗೆ ಅಲ್ಲಿಗೆ ಆ ಹರಾಜು ಮುಗಿಯಿತು. ಜೋರ್ಕಿ ಕೆಟ್ಟ ಕ್ಯಾಮೆರಾ ಎಂದು ಇದರ ಅರ್ಥವಲ್ಲ. ಜೋರ್ಕಿಯ ಬೆಲೆಗೆ ಕೊಂಡರೆ ಅದು ಬಹಳ ಒಳ್ಳೆಯ ಕ್ಯಾಮೆರಾ.

ಇಷ್ಟೆಲ್ಲ ಶ್ರಮಪಟ್ಟು ಮೋಸ ಮಾಡುವುದೇಕೆ ಎಂಬುದಕ್ಕೆ ಒಂದೇ ಲೆಕ್ಕ ಸಾಕು. 1923ರಲ್ಲಿ ಪರೀಕ್ಷೆಗೆಂದು ತಯಾರಾದ ಲೈಕಾ 0-ಸರಣಿಯ ಒಂದು ಕ್ಯಾಮೆರಾ, ಲೈಕಾವನ್ನು ರೂಪಿಸಿದ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ್ದು, 2022ರಲ್ಲಿ ಜರ್ಮನಿಯ ವೆಟ್ಜ್‌ಲರ್‌ನ ಹರಾಜಿನಲ್ಲಿ 1 ಕೋಟಿ 44 ಲಕ್ಷ ಯೂರೊಗೆ ಮಾರಾಟವಾಯಿತು. ಅಂಥ ಸುದ್ದಿ ಬಂದಾಗಲೆಲ್ಲ ಅಟ್ಟದ ಮೇಲಿನ ಎಲ್ಲ ಪೆಟ್ಟಿಗೆಗಳಿಗೂ ಬೆಲೆ ಬಂದಂತೆ ತೋರುತ್ತದೆ.

ಎರಡನೆಯದಾಗಿ ನೋಡಬೇಕಾದದ್ದು ಕ್ರಮಸಂಖ್ಯೆ. ಸಂಖ್ಯೆಯನ್ನು ಬೆರಳಿನಿಂದಲೋ ಪಟ್ಟಿಯಿಂದಲೋ ಮುಚ್ಚಿ ತೆಗೆದ ಫೋಟೊಗಳಿರುವ ಹರಾಜನ್ನು ಬಿಟ್ಟುಬಿಡುವುದೇ ಲೇಸು. ಲೈಕಾ ಎಂ3 ಮಾರುಕಟ್ಟೆಗೆ ಬಂದದ್ದು 1954ರಲ್ಲಿ, ಅದರ ಸಂಖ್ಯೆಗಳು ಏಳು ಲಕ್ಷದಿಂದ ಶುರುವಾಗುತ್ತವೆ. ‘1951ರ ಎಂ3’ ಎಂದು ಬರೆದವನಿಗೆ ಒಂದೋ ಕ್ಯಾಮೆರಾ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ. ಜರ್ಮನಿಯದೇ ಆದ ಕಾಂಟ್ಯಾಕ್ಸ್ ಎಂದು ಮಾರಲು ತಂದಿರುವ ಕ್ಯಾಮೆರಾದ ಸಂಖ್ಯೆಯ ಮೊದಲೆರಡು ಅಂಕಿ 56, 57, 61 ಎಂಬಂತೆ ವರ್ಷವನ್ನು ಹೋಲುತ್ತಿದ್ದರೆ ಅದು ಬಹುಶಃ ಹೆಸರು ಬದಲಿಸಿಕೊಂಡ ಕೀವ್ ಎಂಬ ಸೋವಿಯತ್ ಪ್ರತಿ, ಏಕೆಂದರೆ ಆ ಕಾರ್ಖಾನೆ ತನ್ನ ಸಂಖ್ಯೆಗಳನ್ನು ತಯಾರಿಕೆಯ ವರ್ಷದಿಂದಲೇ ಆರಂಭಿಸುತ್ತಿತ್ತು.

ಎಲ್ಲಕ್ಕಿಂತ ಸುಲಭವಾಗಿ ಪರೀಕ್ಷಿಸಬಹುದಾದದ್ದು ಹ್ಯಾಸಲ್‌ಬ್ಲಾಡ್. ಸ್ವೀಡನ್ನಿನ ಈ ಕಂಪನಿ ಸಂಖ್ಯೆಯ ಮುಂದೆ ಎರಡು ಇಂಗ್ಲಿಷ್ ಅಕ್ಷರಗಳನ್ನು ಹಾಕಿ ತಯಾರಿಕೆಯ ವರ್ಷವನ್ನು ಅಡಗಿಸಿಡುತ್ತಿತ್ತು. ವಿ, ಎಚ್, ಪಿ, ಐ, ಸಿ, ಟಿ, ಯು, ಆರ್, ಇ, ಎಸ್ ಎಂಬ ಹತ್ತು ಅಕ್ಷರಗಳನ್ನು ಇದೇ ಕ್ರಮದಲ್ಲಿ ಬರೆದುಕೊಂಡು, ಅವುಗಳ ಕೆಳಗೆ 1ರಿಂದ 9 ಮತ್ತು ಕೊನೆಗೆ 0 ಎಂದು ಬರೆದರೆ ಕೀಲಿಕೈ ಸಿಕ್ಕಂತೆ. ‘ಟಿಐ’ ಎಂದರೆ 64, ‘ಯುಆರ್’ ಎಂದರೆ 78. ‘1957ರ ಮೊದಲ ವರ್ಷದ 500ಸಿ’ ಎಂದು ಕೂಗಿಸುತ್ತಿರುವ ಕ್ಯಾಮೆರಾದ ಮೇಲೆ ‘ಯುಐ’ ಇದ್ದರೆ ಅದು 1974ರದು, ಮಾತು ಮುಗಿಯಿತು. ಇದರ ಫಿಲ್ಮ್ ಮ್ಯಾಗಜೀನಿನ, ಅಂದರೆ ಹಿಂದೆ ಕೂರುವ ಫಿಲ್ಮ್ ಪೆಟ್ಟಿಗೆಯ, ಒಳತುಂಡಿನ ಮೇಲಿನ ಮೂರು ಅಂಕಿಗಳು ಮ್ಯಾಗಜೀನಿನ ಸಂಖ್ಯೆಯ ಕೊನೆಯ ಮೂರು ಅಂಕಿಗಳಿಗೆ ಹೊಂದಬೇಕು. ಹೊಂದದಿದ್ದರೆ ಮೋಸವೆಂದೇ ಹೇಳಲಾಗದು, ಯಾರೋ ಅದಲುಬದಲು ಮಾಡಿರಬಹುದು. ಆದರೆ ‘ಎಲ್ಲ ಭಾಗಗಳೂ ಮೂಲದವು’ ಎಂಬ ಮಾತು ಸುಳ್ಳಾಗುತ್ತದೆ, ಬೆಲೆಯೂ ಇಳಿಯಬೇಕಾಗುತ್ತದೆ.

ಕಪ್ಪು ಬಣ್ಣದ ಎಂ3 ಬೆಳ್ಳಿ ಬಣ್ಣದ್ದಕ್ಕಿಂತ ಎಷ್ಟೋ ಅಪರೂಪವಾದ್ದರಿಂದ, ಬೆಳ್ಳಿ ಬಣ್ಣದ ದೇಹಕ್ಕೆ ಕಪ್ಪು ಬಳಿದು, ಹಳತಾಗಿ ಕಾಣಲೆಂದು ಅಂಚುಗಳನ್ನು ಉಜ್ಜಿ ಹಿತ್ತಾಳೆ ಹೊರಡಿಸುವ ಕೆಲಸವೂ ನಡೆಯುತ್ತದೆ. ಬಳಕೆಯಿಂದ ಸವೆದ ಬಣ್ಣ ಬೆರಳು, ಕೆನ್ನೆ, ಪಟ್ಟಿಯ ಬಳೆ ತಾಗುವ ಕಡೆ ಸವೆದಿರುತ್ತದೆ. ಯಾರ ಕೈಯೂ ಹೋಗದ ಮೂಲೆಗಳಲ್ಲಿ ಒಂದೇ ಸಮನಾಗಿ ಹಿತ್ತಾಳೆ ಹೊಳೆಯುತ್ತಿದ್ದರೆ ಅಲ್ಲಿ ಕೆಲಸ ಮಾಡಿರುವುದು ಉಪ್ಪುಕಾಗದ.

ಮೇಲೆ ಹೇಳಿದ್ದು ಕ್ಯಾಮೆರಾ ಇದ್ದು ಅದರ ಗುರುತು ಸುಳ್ಳಾಗಿರುವ ಮೋಸ. ಕ್ಯಾಮೆರಾವೇ ಇಲ್ಲದ ಮೋಸ ಬೇರೆ ಬಗೆಯದು, ಈಚೆಗೆ ಅದೇ ಹೆಚ್ಚು. ಹಳೆಯ ಹರಾಜುಗಳಿಂದ ಕದ್ದ ಫೋಟೊಗಳೇ ಅಲ್ಲಿ ಬಂಡವಾಳ. ಪ್ರತಿಯೊಂದು ಫೋಟೊವನ್ನೂ ಗೂಗಲ್ ಲೆನ್ಸ್‌ನಂಥ ಚಿತ್ರಶೋಧದಲ್ಲಿ ಹಾಕಿ ನೋಡಬೇಕು. ಎಡಬಲ ತಿರುಗಿಸಿ, ಅಂಚು ಕತ್ತರಿಸಿ ಹಾಕಿರುವುದೂ ಉಂಟು, ಹಾಗಾಗಿ ತಿರುಗಿಸಿಯೂ ಹುಡುಕಬೇಕು. ಹಿನ್ನೆಲೆಯನ್ನು ಗಮನಿಸಬೇಕು. ಭದ್ರಾವತಿಯಲ್ಲಿದ್ದೇನೆ ಎನ್ನುವವನ ಮೇಜಿನ ಹಿಂದೆ ಚಪ್ಪಟೆ ಎರಡು ಕಡ್ಡಿಯ ಅಮೆರಿಕದ ಪ್ಲಗ್ ಪಾಯಿಂಟ್ ಇರುವುದಕ್ಕೆ ಕಾರಣ ಕೇಳಿದರೆ ತಪ್ಪಿಲ್ಲ. ಯಂತ್ರವೇ ಸೃಷ್ಟಿಸಿದ ಚಿತ್ರಗಳೂ ಈಗ ಬರತೊಡಗಿವೆ; ಅವುಗಳಲ್ಲಿ ಲೆನ್ಸಿನ ಸುತ್ತಿನ ಅಕ್ಷರಗಳು ಕಲಸಿಕೊಂಡಿರುತ್ತವೆ, ಶಟರ್ ವೇಗದ ಗುಂಡಿಯ ಅಂಕಿಗಳ ಕ್ರಮ ತಪ್ಪಿರುತ್ತದೆ. ಕೊನೆಯ ಪರೀಕ್ಷೆಯಾಗಿ, ಒಂದು ಚೀಟಿಯ ಮೇಲೆ ಅಂದಿನ ದಿನಾಂಕವನ್ನೂ ನೀವು ಹೇಳಿದ ಒಂದು ಪದವನ್ನೂ ಕೈಯಲ್ಲಿ ಬರೆದು, ಕ್ಯಾಮೆರಾದ ಪಕ್ಕದಲ್ಲಿಟ್ಟು ಫೋಟೊ ಕಳುಹಿಸಲು ಹೇಳಬೇಕು. ನಾನು ‘ಗೊರಬಲು’ ಎಂದು ಬರೆಯಿಸುತ್ತೇನೆ. ಕ್ಯಾಮೆರಾ ಕೈಯಲ್ಲಿದ್ದವನಿಗೆ ಇದು ಎರಡು ನಿಮಿಷದ ಕೆಲಸ, ಇಲ್ಲದವನು ಊರಿಗೆ ಹೋಗಿದ್ದೇನೆ ಎನ್ನುತ್ತಾನೆ.

ಮಲೆನಾಡಿನವರು ಫೋಟೊ ಕೇಳುವಾಗ ಇನ್ನೊಂದನ್ನು ಸೇರಿಸಿ ಕೇಳಬೇಕು. ಆಗುಂಬೆಯ ಮಳೆಯ ಸೀಮೆಯಲ್ಲಿ ಬದುಕುವ ನಮಗೆ ಲೆನ್ಸಿನ ಬೂಷ್ಟು ಹೊಸದಲ್ಲ, ಆದರೆ ಬೂಷ್ಟು ಹಿಡಿದ ಲೆನ್ಸನ್ನು ನೇರ ಬೆಳಕಿನಲ್ಲಿ ಫೋಟೊ ತೆಗೆದರೆ ಏನೂ ಕಾಣುವುದಿಲ್ಲ. ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಹಾಯಿಸಿ ತೆಗೆದ ಫೋಟೊದಲ್ಲಿ ಮಾತ್ರ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ‘ಸ್ವಲ್ಪ ಧೂಳಿದೆ, ಒರೆಸಿದರೆ ಹೋಗುತ್ತದೆ’ ಎಂಬ ವಾಕ್ಯವನ್ನು ನಾನು ಬೂಷ್ಟು ಎಂದೇ ಓದಿಕೊಳ್ಳುತ್ತೇನೆ.

ಮಾರುವವನ ಖಾತೆಯ ಚರಿತ್ರೆಯನ್ನು ಅಂಕಗಳಿಂದಷ್ಟೇ ಅಳೆಯಬಾರದು. ಐದಾರು ವರ್ಷ ಮಕ್ಕಳ ಬಟ್ಟೆ, ಮೊಬೈಲ್ ಕವರು ಮಾರಿ ಒಳ್ಳೆಯ ಹೆಸರು ಗಳಿಸಿ, ಆಮೇಲೆ ಬಹುಕಾಲ ಸುಮ್ಮನಿದ್ದ ಖಾತೆಯಲ್ಲಿ ಒಂದೇ ವಾರ ಇಪ್ಪತ್ತು ದುಬಾರಿ ಕ್ಯಾಮೆರಾಗಳು ಕಾಣಿಸಿಕೊಂಡರೆ ಆ ಖಾತೆಯನ್ನು ಯಾರೋ ಕದ್ದಿದ್ದಾರೆ ಎಂದು ಅನುಮಾನಿಸಬೇಕು. ಕೂಗಿನ ಪಟ್ಟಿಯಲ್ಲಿ ಒಂದೇ ಹೊಸ ಖಾತೆ ಮತ್ತೆ ಮತ್ತೆ ಬೆಲೆಯೇರಿಸಿ ಕೊನೆಯ ಗಳಿಗೆಯಲ್ಲಿ ಮಾಯವಾಗುತ್ತಿದ್ದರೆ ಕೂಗುತ್ತಿರುವವನು ಮಾರುವವನ ಮನೆಯವನೇ ಇರಬಹುದು. ಹರಾಜು ಸೋತ ಮರುದಿನ, ‘ಗೆದ್ದವರು ಹಿಂದೆ ಸರಿದಿದ್ದಾರೆ, ನಿಮ್ಮ ಕೂಗಿಗೇ ಕೊಡುತ್ತೇವೆ, ಈ ಖಾತೆಗೆ ಹಣ ಹಾಕಿ’ ಎಂಬ ಇಮೇಲ್ ಬಂದರೆ ಅದರ ಕೊಂಡಿಯನ್ನು ಒತ್ತದೆ, ಹರಾಜು ತಾಣಕ್ಕೆ ನೀವಾಗಿಯೇ ಹೋಗಿ ಅಲ್ಲಿನ ಸಂದೇಶ ಪೆಟ್ಟಿಗೆಯಲ್ಲಿ ಅದೇ ಮಾತು ಇದೆಯೇ ಎಂದು ನೋಡಬೇಕು.

ಅಪರೂಪ ಎಂಬ ಪದದ ಬಗ್ಗೆಯೂ ಒಂದು ಮಾತು. ಆಗ್ಫಾ ಕ್ಲಿಕ್ 3 ಕ್ಯಾಮೆರಾ ‘ಬ್ರಿಟಿಷರ ಕಾಲದ್ದು’ ಎಂದು ಹರಾಜಿಗೆ ಬರುವುದನ್ನು ಕಂಡಿದ್ದೇನೆ. ಅದು ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ್ದು, ಜೋಗ ನೋಡಲು ಹೋದ ಕುಟುಂಬಗಳ ಕೈಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು. ಹಿತ್ತಾಳೆ, ಮರ, ಮೂರುಕಾಲಿನ ಕಂಬ ಎಲ್ಲವೂ ಇದ್ದು ಗಾಜಿನ ಫೋಕಸ್ ಪರದೆಯಾಗಲಿ ಪ್ಲೇಟ್ ಇಡುವ ಜಾಗವಾಗಲಿ ಇಲ್ಲದ ‘ಪುರಾತನ’ ಕ್ಯಾಮೆರಾ ಡ್ರಾಯಿಂಗ್ ರೂಮಿನ ಅಲಂಕಾರಕ್ಕೆಂದು ಈಚೆಗೆ ಮಾಡಿದ್ದು.

ಹಣದ ವಿಷಯದಲ್ಲಿ ನನ್ನ ನಿಯಮ ಗಟ್ಟಿ. ಹರಾಜು ತಾಣದ ಹೊರಗೆ, ವಾಟ್ಸ್‌ಆ್ಯಪ್‌ನಲ್ಲಿ ಮಾತು ಮುಗಿಸಿ ನೇರ ಹಣ ಹಾಕಿದರೆ ಹತ್ತು ಸಾವಿರ ಕಡಿಮೆ ಎನ್ನುವವನ ಜೊತೆ ವ್ಯವಹಾರವಿಲ್ಲ. ತಾಣದ ರಕ್ಷಣೆ ತಾಣದೊಳಗಿನ ಪಾವತಿಗೆ ಮಾತ್ರ. ಸೇನೆಯಲ್ಲಿದ್ದೇನೆ, ವರ್ಗವಾಗಿದೆ ಎಂದು ಗುರುತಿನ ಚೀಟಿಯ ಫೋಟೊ ಕಳುಹಿಸುವವನ ಚೀಟಿಯೂ ಕದ್ದದ್ದೇ ಇರಬಹುದು. ಮುಂಗಡ ವಾಪಸು ಕೊಡುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ನೆನಪಿರಲಿ, ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ. ವಿದೇಶದಿಂದ ತರಿಸಿದ ಕ್ಯಾಮೆರಾ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ನಂಬರಿಗೆ ಹಣ ಹಾಕಿ ಎಂಬ ಕರೆಯೂ ಇದೇ ಜಾತಿಯದು. ಪಾರ್ಸೆಲ್ ಬಂದಾಗ ಮೊಹರು ಕಾಣುವಂತೆ ಹಿಡಿದು, ಬಿಚ್ಚಿ, ಕ್ರಮಸಂಖ್ಯೆ ಓದಿ, ಲೆನ್ಸ್ ತೆಗೆದು ತೋರಿಸುವವರೆಗೆ ಒಂದೇ ವಿಡಿಯೊ ಮಾಡಬೇಕು, ನಡುವೆ ನಿಲ್ಲಿಸಬಾರದು.

ಹಣ ಹೋಗಿದೆ ಎಂದು ತಿಳಿದ ಕೂಡಲೇ, ನಾಚಿಕೆಪಟ್ಟುಕೊಂಡು ಎರಡು ದಿನ ಕಳೆಯದೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣ ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಆ ಮೊದಲ ಗಂಟೆಗಳಲ್ಲಿ. ಬ್ಯಾಂಕಿಗೂ ಆಗಲೇ ತಿಳಿಸಬೇಕು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಗೆ ಹೋಗುವಾಗ ವಹಿವಾಟಿನ ಸಂಖ್ಯೆ, ಮಾತುಕತೆಯ ಪ್ರತಿ, ಹರಾಜು ಪುಟದ ಪೂರ್ಣ ವಿಳಾಸ ಕಾಣುವ ಸ್ಕ್ರೀನ್‌ಶಾಟ್ ಜೊತೆಗಿರಬೇಕು. ಆ ಪುಟವನ್ನು ಉಳಿಸಿಕೊಳ್ಳಬೇಕಾದದ್ದು ಮೋಸ ಹೋದ ಮೇಲಲ್ಲ, ಮೊದಲ ಕೂಗಿನ ದಿನವೇ. ಲೈಕಾ ಎಂದು ನಂಬಿ ಕೊಂಡ ನನ್ನ ಜೋರ್ಕಿಯ ಪುಟವನ್ನು ಮಾವ ಲೆನ್ಸ್ ತಿರುಪಿ ಮುಗಿಸಿದ ಅರ್ಧ ಗಂಟೆಗೆ ಹುಡುಕಿ ನೋಡಿದೆ. ಅಷ್ಟು ಹೊತ್ತಿಗೆ ಅದನ್ನು ಅಳಿಸಿಯಾಗಿತ್ತು.