ಹುಬ್ಬಳ್ಳಿ-ಧಾರವಾಡದಿಂದ ಅಫ್ಘನ್ ಹೆಣ್ಣುಮಕ್ಕಳಿಗೆ ಪಾಠ: ನೆಟ್ ಹೋದರೂ ನಿಲ್ಲದಂತೆ ನಡೆಸುವುದು ಹೇಗೆ

ಅಫ್ಘಾನಿಸ್ತಾನದಲ್ಲಿ ಹುಡುಗಿಯರ ಶಾಲೆ ಆರನೇ ತರಗತಿಗೆ ಮುಗಿಯುತ್ತದೆ. 2022ರ ಮಾರ್ಚ್ 23ರಂದು ತಾಲಿಬಾನ್ ಆಡಳಿತ ಅವರ ಪ್ರೌಢಶಾಲೆಗಳನ್ನು ತೆರೆದು ಕೆಲವೇ ಗಂಟೆಗಳಲ್ಲಿ ಮುಚ್ಚಿಸಿತು. ಅದೇ ವರ್ಷ ಡಿಸೆಂಬರ್ 20ರಂದು ವಿಶ್ವವಿದ್ಯಾಲಯದ ಬಾಗಿಲೂ ಹಾಕಿತು, 2024ರ ಡಿಸೆಂಬರಿನಲ್ಲಿ ನರ್ಸಿಂಗ್ ಮತ್ತು ಹೆರಿಗೆ ತರಬೇತಿಯೂ ನಿಂತಿತು. ಮನೆಯೊಳಗಿನ ಫೋನು ಉಳಿದಿದೆ. ನಮ್ಮ ಕಡೆ ಗಣಿತ, ವಿಜ್ಞಾನ, ಇಂಗ್ಲಿಷ್ ಚೆನ್ನಾಗಿ ಕಲಿಸಬಲ್ಲ ನಿವೃತ್ತ ಶಿಕ್ಷಕಿಯರು ಬೇಕಾದಷ್ಟಿದ್ದಾರೆ. ನಾಲ್ಕೈದು ಮಂದಿ ಕೂಡಿದರೆ ಕೆಲಸ ಶುರುವಾಗುತ್ತದೆ.

ವಿದ್ಯಾರ್ಥಿನಿಯರನ್ನು ನೀವೇ ಫೇಸ್‌ಬುಕ್ಕಿನಲ್ಲಿ ಹುಡುಕಲು ಹೋಗಬೇಡಿ. ಈಗಾಗಲೇ ನಡೆಯುತ್ತಿರುವ ಆನ್‌ಲೈನ್ ಶಾಲೆಯೊಂದರ ಜೊತೆ ಸೇರಿಕೊಳ್ಳಿ; ಹುಡುಗಿಯರ ಪರಿಚಯ, ಪರಿಶೀಲನೆ ಅವರ ಕೈಯಲ್ಲೇ ಇರಲಿ. ಪಠ್ಯವನ್ನೂ ಮೊದಲಿನಿಂದ ತಯಾರಿಸಬೇಕಿಲ್ಲ. ಬೇಗಮ್ ಅಕಾಡೆಮಿ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಏಳರಿಂದ ಹನ್ನೆರಡನೇ ತರಗತಿಯವರೆಗಿನ ಅಫ್ಘನ್ ಪಠ್ಯಕ್ರಮದ ವಿಡಿಯೊಗಳು ಅಲ್ಲಿನ ಮುಖ್ಯ ಭಾಷೆಗಳಾದ ದರಿ ಮತ್ತು ಪಶ್ತೊದಲ್ಲಿ ಇವೆ. ಅದೇ ಸಂಸ್ಥೆಯ ಬೇಗಮ್ ಟಿವಿ 2024ರ ಮಾರ್ಚಿನಿಂದ ಪ್ಯಾರಿಸ್‌ನಿಂದ ಉಪಗ್ರಹದ ಮೂಲಕ ಪ್ರಸಾರವಾಗುತ್ತಿದೆ. ಆದರೆ ಲೆಕ್ಕ ತಪ್ಪಿದಾಗ ಎಲ್ಲಿ ತಪ್ಪಿತು ಎಂದು ತೋರಿಸಲು, ಬರೆದ ಇಂಗ್ಲಿಷ್ ತಿದ್ದಲು ಮನುಷ್ಯರೇ ಬೇಕು. ಆ ಜಾಗ ನಿಮ್ಮದು. ಹುಬ್ಬಳ್ಳಿ, ಸವಣೂರು ಕಡೆಯ ಉರ್ದು ಬಲ್ಲ ಶಿಕ್ಷಕಿಯರನ್ನು ತಪ್ಪದೆ ಸೇರಿಸಿಕೊಳ್ಳಿ: ಉರ್ದು ಮತ್ತು ದರಿಯ ಲಿಪಿ ಹೆಚ್ಚುಕಡಿಮೆ ಒಂದೇ, ಸಾವಿರಾರು ಪದಗಳೂ ಒಂದೇ. ರೆಕಾರ್ಡ್ ಮಾಡುವವರು ಹೆಂಗಸರೇ ಆಗಿರಲಿ. ಮನೆಯಲ್ಲಿ ಗಂಡಸಿನ ದನಿ ಕೇಳಿಬಂದರೆ ಅಷ್ಟಕ್ಕೇ ಪಾಠ ನಿಂತುಹೋಗಬಹುದು.

ಹೆಚ್ಚಿನವರು ಮೊದಲ ದಿನವೇ ಜೂಮ್ ತೆರೆದು ಕೂರುತ್ತಾರೆ. ಅದು ಕೊನೆಗೆ ಬರಬೇಕಾದ್ದು. ಒಂದು ಗಂಟೆಯ ವಿಡಿಯೊ ತರಗತಿ ಸುಮಾರು ಒಂದು ಜಿಬಿ ಡೇಟಾ ತಿನ್ನುತ್ತದೆ. ಅಲ್ಲಿನ ಕರೆಂಟು ಬಹುಪಾಲು ಉಜ್ಬೇಕಿಸ್ತಾನ, ತಜಿಕಿಸ್ತಾನ, ತುರ್ಕ್‌ಮೆನಿಸ್ತಾನ, ಇರಾನ್‌ಗಳಿಂದ ಬರುವುದು. ಚಳಿಗಾಲದಲ್ಲಂತೂ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. 2025ರ ಸೆಪ್ಟೆಂಬರ್ ಕೊನೆಗೆ ಇಡೀ ದೇಶದ ಇಂಟರ್‌ನೆಟ್ಟೇ ಸುಮಾರು ಎರಡು ದಿನ ಬಂದಾಗಿತ್ತು. ಆದ್ದರಿಂದ ಪಾಠ ಚಿಕ್ಕ ಫೈಲಾಗಿರಬೇಕು, ಹತ್ತು ನಿಮಿಷ ಸಿಗ್ನಲ್ ಸಿಕ್ಕರೂ ಇಳಿಸಿಕೊಳ್ಳುವಂತಿರಬೇಕು.

ಒಂದು ಪಾಠಕ್ಕೆ ಎಂಟು ನಿಮಿಷದ ಧ್ವನಿ, ಒಂದು ಪುಟದ ಟಿಪ್ಪಣಿ, ಐದು ಪ್ರಶ್ನೆ ಸಾಕು. ಧ್ವನಿಯನ್ನು ಮೊನೊದಲ್ಲಿ (ಒಂದೇ ಧ್ವನಿಪಥ), ಓಪಸ್ ಎಂಬ ಫೈಲ್ ಮಾದರಿಯಲ್ಲಿ, 16 ಕೆಬಿಪಿಎಸ್‌ಗೆ (ಸೆಕೆಂಡಿಗೆ ಇಷ್ಟು ಕಿಲೊಬಿಟ್ ಎಂಬ ಅಳತೆ) ಇಳಿಸಿ. ನಿಮಿಷಕ್ಕೆ 120 ಕೆಬಿ, ಇಡೀ ಪಾಠ ಒಂದು ಎಂಬಿಯ ಆಸುಪಾಸು. ಇದನ್ನೇ 128 ಕೆಬಿಪಿಎಸ್‌ನಲ್ಲಿ ಇಟ್ಟರೆ ಎಂಟು ಪಟ್ಟು ಆಗುತ್ತದೆ, ಮಾತಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ. ಆದರೆ ಇಷ್ಟು ಕೆಳಗೆ ಇಳಿಸುವಾಗ ಹಿನ್ನೆಲೆಯ ಸದ್ದು ಮಾತನ್ನೇ ನುಂಗುತ್ತದೆ. ಫ್ಯಾನ್ ಆರಿಸಿ, ರಸ್ತೆಕಡೆಯ ಕಿಟಕಿ ಮುಚ್ಚಿ, ಹಾಸಿಗೆ-ಬಟ್ಟೆ ಇರುವ ಕೋಣೆಯಲ್ಲಿ ಕೂತು, ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಉಸಿರು ಬಡಿದು ಪ, ಬ ಅಕ್ಷರಗಳು ಸಿಡಿಯುತ್ತವೆ.

ಓಪಸ್ ಫೈಲು ಟೆಲಿಗ್ರಾಂ ಒಳಗೆ ಚೆನ್ನಾಗಿ ಕೇಳುತ್ತದೆ, ಹಳೆಯ ಫೋನಿನ ಪ್ಲೇಯರ್ ಅದನ್ನು ತೆರೆಯದೆ ಇರಬಹುದು. ಹಾಗಾಗಿ ಪ್ರತಿ ಪಾಠವನ್ನೂ 32 ಕೆಬಿಪಿಎಸ್‌ನ ಮೊನೊ ಎಂಪಿ3 ಆಗಿಯೂ ಇಡಿ. 32 ಜಿಬಿ ಮೆಮೊರಿ ಕಾರ್ಡಿನಲ್ಲಿ ಇಂಥದ್ದು 2,000 ಗಂಟೆಗೂ ಮಿಕ್ಕಿ ಹಿಡಿಸುತ್ತದೆ. ನೆಟ್ ಇರುವ ಒಬ್ಬಳು ಇಳಿಸಿಕೊಂಡು ಅಕ್ಕತಂಗಿಯರಿಗೆ, ಗೆಳತಿಯರಿಗೆ ಬ್ಲೂಟೂತ್‌ನಲ್ಲಿ ಕೊಡಬಹುದು. 64 ಜಿಬಿ ಕಾರ್ಡು ಬೇಡ: ಅವು ಎಕ್ಸ್‌ಫ್ಯಾಟ್ ಎಂಬ ಫೈಲ್ ಜೋಡಣೆಯ ರೂಪದಲ್ಲಿ ಬರುತ್ತವೆ, ಹಳೆಯ ಫೋನುಗಳು ಅವನ್ನು ಓದುವುದಿಲ್ಲ.

ಟಿಪ್ಪಣಿಯನ್ನು ವರ್ಡ್ ಫೈಲಾಗಿ ಕಳಿಸಿದರೆ ಬಲದಿಂದ ಎಡಕ್ಕೆ ಹೋಗುವ ದರಿ ಸಾಲಿನೊಳಗೆ ಸಮೀಕರಣಗಳು ತಿರುಗುಮುರುಗಾಗುತ್ತವೆ. ಪಶ್ತೊಗೆ ಮಾತ್ರ ಇರುವ ಅಕ್ಷರಗಳು ಖಾಲಿ ಚೌಕವಾಗಿ ಕಾಣುತ್ತವೆ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿ, ಫೋನಿನ ಅಗಲಕ್ಕೆ ತಕ್ಕಂತೆ ಪುಟ ಕಿರಿದಾಗಿಸಿ, ದೊಡ್ಡ ಅಕ್ಷರ ಇಡಿ.

ಇನ್ನು ಗುಟ್ಟು ಕಾಯುವ ವಿಷಯ. ಇದರಲ್ಲಿ ಸಡಿಲ ಬಿಡುವಂತಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಪ್ರತಿಯೊಬ್ಬಳ ನಂಬರು ಉಳಿದವರೆಲ್ಲರಿಗೂ ಕಾಣುತ್ತದೆ. ಒಬ್ಬಳ ಫೋನು ತಪಾಸಣೆಗೆ ಸಿಕ್ಕರೆ ಎಲ್ಲರೂ ಸಿಕ್ಕಂತೆ. ಟೆಲಿಗ್ರಾಂ ಚಾನೆಲ್‌ನಲ್ಲಿ ಓದುಗರು ಪರಸ್ಪರ ಕಾಣುವುದಿಲ್ಲ, ಪಾಠ ಹಂಚಲು ಅದೇ ಸರಿ. ಆದರೆ ಟೆಲಿಗ್ರಾಂನ ಸಾಮಾನ್ಯ ಚಾಟ್ ಪೂರ್ತಿ ಗೂಢಲಿಪಿಯದಲ್ಲ. ಒಬ್ಬೊಬ್ಬರ ಉತ್ತರ, ಸಂಶಯಗಳಿಗೆ ಸಿಗ್ನಲ್ ಎಂಬ ಸಂದೇಶದ ಆ್ಯಪ್ ಬಳಸಿ. ಅದರಲ್ಲಿ ನಂಬರು ಮುಚ್ಚಿಟ್ಟು ಬಳಕೆದಾರ ಹೆಸರು ಇಟ್ಟುಕೊಳ್ಳಬಹುದು, ಸಂದೇಶ ತಾನಾಗಿ ಅಳಿಯುವಂತೆಯೂ ಮಾಡಬಹುದು. ನಿಜವಾದ ಹೆಸರು, ಊರು, ಮುಖದ ಫೋಟೊ ಕೇಳಲೇಬೇಡಿ. ಹಾಜರಿ ಪುಸ್ತಕಕ್ಕೆ ಅಡ್ಡಹೆಸರು ಸಾಕು. ಫೈಲಿಗೆ "07-03" ಎಂಬಂಥ ಅಂಕಿ ಇಡಿ, ಶಾಲೆಯ ಹೆಸರು ಬೇಡ. ಜೂಮ್ ಮಾಡಲೇಬೇಕಾದಾಗ ಕ್ಯಾಮೆರಾ, ರೆಕಾರ್ಡಿಂಗ್ ಎರಡೂ ಬಂದ್. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕಡಿದುಹೋಗುತ್ತದೆ, 35ಕ್ಕೇ ಮುಗಿಸಿ. ನಿಮ್ಮ ಕೆಲಸ ಊರಿನ ಪತ್ರಿಕೆಯಲ್ಲಿ ಬರಲಿ ಎಂದು ಯಾರಾದರೂ ಪ್ರೀತಿಯಿಂದ ಸ್ಕ್ರೀನ್‌ಶಾಟ್ ಕೇಳುತ್ತಾರೆ, ಕೊಡಬೇಡಿ.

ಕಾಬೂಲ್ ನಮಗಿಂತ ಒಂದು ಗಂಟೆ ಹಿಂದೆ: ಧಾರವಾಡದಲ್ಲಿ ಸಂಜೆ ಐದಾದರೆ ಅಲ್ಲಿ ನಾಲ್ಕು. ರಜೆ ಶುಕ್ರವಾರ.

ಇಂಗ್ಲಿಷಿಗೆ ಹೆಚ್ಚು ಸಮಯ ಕೊಡಿ. ಅಫ್ಘನ್ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಯೂನಿವರ್ಸಿಟಿ ಆಫ್ ದಿ ಪೀಪಲ್‌ನಂಥ ಆನ್‌ಲೈನ್ ವಿಶ್ವವಿದ್ಯಾಲಯಕ್ಕೆ ಹೋಗಲು ಅದೇ ಮೊದಲ ಮೆಟ್ಟಿಲು. ದಿನಕ್ಕೆ ಐದು ವಾಕ್ಯ ಕಾಗದದ ಮೇಲೆ ಬರೆಸಿ, ಅದರ ಫೋಟೊ ತರಿಸಿಕೊಂಡು, ಒಂದು ಬಾರಿಗೆ ಒಂದೇ ಬಗೆಯ ತಪ್ಪು ತಿದ್ದಿ. ಹಾಳೆಯಿಡೀ ಕೆಂಪಾಗಿ ಮರಳಿದರೆ ಮರುದಿನ ಬರೆಯುವ ಮನಸ್ಸೇ ಬರುವುದಿಲ್ಲ.

ಕೆಲವರು ನಡುವೆ ವಾರಗಟ್ಟಲೆ ಕಾಣೆಯಾಗುತ್ತಾರೆ. ಆಗ ಕರೆ ಮಾಡಬೇಡಿ, "ಎಲ್ಲಿದ್ದೀಯವ್ವಾ?" ಎಂದು ಸಂದೇಶವನ್ನೂ ಹಾಕಬೇಡಿ, ಫೋನು ಯಾರ ಕೈಯಲ್ಲಿದೆಯೋ ಗೊತ್ತಿಲ್ಲ. ಚಾನೆಲ್‌ನ ಹಳೆಯ ಪಾಠ ಅಳಿಸದೆ ಕ್ರಮಸಂಖ್ಯೆಯಲ್ಲಿ ಉಳಿಸಿ. ಪ್ರತಿ ಹತ್ತನೇ ಪಾಠವನ್ನು ಹಿಂದಿನ ಒಂಬತ್ತರ ಪುನರಾವರ್ತನೆಗೇ ಮೀಸಲಿಡಿ. ಮರಳಿ ಬಂದವಳು ಅದನ್ನು ಕೇಳಿ ಐದು ಪ್ರಶ್ನೆಗೆ ಉತ್ತರ ಬರೆದರೆ ಎಲ್ಲಿಂದ ಮುಂದುವರಿಸಬೇಕೆಂದು ನಿಮಗೂ ತಿಳಿಯುತ್ತದೆ, ಅವಳಿಗೂ ತಿಳಿಯುತ್ತದೆ.